ಸೀರೆ ಅಂಗಡಿಯಲ್ಲಿ ಆತ್ಮೀಯತೆ: ಗಿರಾಕಿಯ ನಂಬಿಕೆ ಗಳಿಸಿ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ರೇಷ್ಮೆ ಸೀರೆಯೊಂದಕ್ಕೆ 15–20 ಸಾವಿರ ರೂಪಾಯಿ ಕೊಡುವ ಗಿರಾಕಿಗೆ ತಾನು ಯಾವುದಕ್ಕೆ ಅಷ್ಟು ಹಣ ಕೊಡುತ್ತಿದ್ದೇನೆ ಎಂಬುದು ಪೂರ್ತಿಯಾಗಿ ಕಣ್ಣಿಗೆ ಕಾಣುವುದಿಲ್ಲ. ಹಾಸು (ಉದ್ದದ ಎಳೆ) ರೇಷ್ಮೆಯದಾಗಿದ್ದು ಹೊಕ್ಕು (ಅಡ್ಡದ ಎಳೆ) ಪಾಲಿಯೆಸ್ಟರ್ ಆಗಿರಬಹುದು. ಜರಿಯಲ್ಲಿ ಬೆಳ್ಳಿ ಇದೆಯೋ ಇಲ್ಲವೋ ಎಂಬುದು ಹೊಳಪಿನಿಂದ ತಿಳಿಯುವುದಿಲ್ಲ. ಕೈಮಗ್ಗದ್ದೆಂದು ತೋರಿಸಿದ ಸೀರೆ ವಿದ್ಯುತ್ ಮಗ್ಗದಲ್ಲಿ ನೇಯ್ದದ್ದಾಗಿರಬಹುದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು ವಿವರಿಸಿದ್ದು ಇದೇ ಸ್ಥಿತಿಯನ್ನು: ಸರಕಿನ ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ, ಕೊಳ್ಳುವವನು ಒಳ್ಳೆಯ ಸರಕನ್ನೂ ಅನುಮಾನದಿಂದಲೇ ನೋಡುತ್ತಾನೆ, ಅದಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಸೀರೆಯನ್ನು ಅಳೆಯಲಾಗದ ಗಿರಾಕಿ ಆಗ ಸೀರೆ ತೋರಿಸುವವರನ್ನು ಅಳೆಯತೊಡಗುತ್ತಾಳೆ.

ಆ ಅಳತೆ ಹೇಗೆ ನಡೆಯುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಫಿಸ್ಕ್ ಮತ್ತು ಅವರ ಜೊತೆಗಾರರು 2002ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿಕೊಟ್ಟಿತು. ಎದುರಿಗಿರುವವರ ಬಗ್ಗೆ ನಾವು ಮುಖ್ಯವಾಗಿ ಎರಡು ತೀರ್ಮಾನಗಳನ್ನು ಮಾಡುತ್ತೇವೆ: ಇವರು ನನಗೆ ಒಳಿತು ಬಯಸುವವರೇ, ಹಾಗೂ ಆ ಒಳಿತನ್ನು ಮಾಡುವ ಶಕ್ತಿ ಇವರಿಗಿದೆಯೇ. ಮೊದಲ ತೀರ್ಮಾನ ಬಹುಬೇಗ ಆಗಿಹೋಗುತ್ತದೆ. ಅಂಗಡಿಯವರು ಜರಿಯ ಬಗ್ಗೆ ಎಷ್ಟೇ ತಿಳಿದವರಾಗಿದ್ದರೂ ನಮ್ಮ ಪರವಾಗಿ ಇಲ್ಲವೆಂದು ಅನ್ನಿಸಿಬಿಟ್ಟರೆ, ಆ ತಿಳಿವಳಿಕೆಯೇ ಗಿರಾಕಿಗೆ ಭಯ ಹುಟ್ಟಿಸುತ್ತದೆ.

ಇಬ್ಬರು ಮೂವರು ಕೆಲಸದವರನ್ನು ಇಟ್ಟುಕೊಂಡು ರೇಷ್ಮೆ ಮತ್ತು ಕೈಮಗ್ಗದ ಸೀರೆ ಮಾರುವ ಸಣ್ಣ ಅಂಗಡಿಗಳನ್ನು, ಮನೆಯಿಂದಲೇ ಸೀರೆ ವ್ಯಾಪಾರ ಮಾಡುವ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ದೊಡ್ಡ ಮಳಿಗೆಗಳ ಸಂಗ್ರಹದೊಂದಿಗೆ, ಆನ್‌ಲೈನ್ ಬೆಲೆಗಳೊಂದಿಗೆ ಇವರು ಪೈಪೋಟಿ ಮಾಡುವುದು ಕಷ್ಟ. ಗಿರಾಕಿಯನ್ನು ಹೆಸರಿನಿಂದ ಬಲ್ಲ ಸಂಬಂಧವೇ ಇವರ ನಿಜವಾದ ಬಂಡವಾಳ.

ಹಂತ 1: ಹೊಸ್ತಿಲು ದಾಟಿದ ಮೊದಲ ನಿಮಿಷ

ಅನೇಕ ಅಂಗಡಿಗಳಲ್ಲಿ ಗಿರಾಕಿ ಒಳಗೆ ಕಾಲಿಡುತ್ತಿದ್ದಂತೆ ಕೇಳುವ ಮೊದಲ ಪ್ರಶ್ನೆ "ಯಾವ ರೇಂಜ್‌ನಲ್ಲಿ ತೋರಿಸಲಿ?" ಎಂಬುದು. ಕಪಾಟು ಯಾವುದೆಂದು ಬೇಗ ಗೊತ್ತಾಗುವುದರಿಂದ ಕೆಲಸದವರಿಗೆ ಇದು ಅನುಕೂಲ. ಆದರೆ ಕೇಳಿಸಿಕೊಂಡವರಿಗೆ ತಮ್ಮ ಪರ್ಸನ್ನು ತೂಗಿ ನೋಡಿದಂತಾಗುತ್ತದೆ. ಕಡಿಮೆ ಹೇಳಿದರೆ ಮರ್ಯಾದೆಗೆ ಕುಂದು, ಹೆಚ್ಚು ಹೇಳಿದರೆ ಜೇಬಿಗೆ ಕುತ್ತು ಎಂದು ಅವರು ಆ ಕ್ಷಣದಿಂದಲೇ ಎಚ್ಚರಗೊಳ್ಳುತ್ತಾರೆ. ಬದಲಿಗೆ "ಬನ್ನಿ, ಕೂತ್ಕೊಳ್ಳಿ. ಮನೆಯಲ್ಲಿ ಏನಾದರೂ ಕಾರ್ಯ ಇದೆಯಾ?" ಎಂದು ಕೇಳಿ. ಕಾರ್ಯ ಯಾವುದು, ಉಡುವವರು ಯಾರು ಎಂಬುದು ತಿಳಿದರೆ ಬೆಲೆಯ ಅಂದಾಜು ತಾನಾಗಿಯೇ ಹೊರಬೀಳುತ್ತದೆ. ಬೀಳದಿದ್ದರೆ, ಬೇರೆ ಬೇರೆ ಬೆಲೆಯ ಎರಡು ಮೂರು ಸೀರೆ ತೋರಿಸಿದಾಗ ಕೈ ಯಾವುದರ ಮೇಲೆ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಸಾಕು.

ಕರೆಯುವ ರೀತಿಯಲ್ಲಿ ಊರಿನ ವಾಡಿಕೆಯನ್ನು ಬಿಡಬೇಡಿ. ಮೈಸೂರು, ಮಂಡ್ಯದ ಕಡೆ "ಬನ್ನಿ ಅಮ್ಮ" ಎಂಬುದು ಹೇಗೆ ಸಹಜವೋ, ಹುಬ್ಬಳ್ಳಿ, ಬಾಗಲಕೋಟೆಯ ಕಡೆ "ಬರ್ರಿ ಅಕ್ಕಾರ" ಎಂಬುದು ಹಾಗೆಯೇ ಸಹಜ. ನಲವತ್ತು ದಾಟಿದ ಹೆಂಗಸನ್ನು "ಆಂಟಿ" ಎನ್ನುವ ಹುಡುಗರಿಗೆ ಮೊದಲ ದಿನವೇ ತಿಳಿಹೇಳಿ. ಅದು ಬಹಳ ಜನರಿಗೆ ಇಷ್ಟವಾಗುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಗಾದಿಯ ಮೇಲೆ ಕೂರಲು ಮಂಡಿ ಬಾರದು, ಒಂದು ಕುರ್ಚಿ ಹಾಕಿಸಿ. ನೀರು ಕೊಡಿ. ಇಷ್ಟಾದ ಮೇಲೆ ಒಂದು ಗಳಿಗೆ ಸುಮ್ಮನಿರಿ, ಬಂದವರು ಸುತ್ತ ನೋಡಲಿ.

ಹಂತ 2: ಹೇಳಿದ್ದನ್ನು ಅವರದೇ ಮಾತಿನಲ್ಲಿ ಹಿಂದಿರುಗಿಸಿ

ನೆದರ್‌ಲ್ಯಾಂಡ್ಸ್‌ನ ಉಪಾಹಾರ ಗೃಹವೊಂದರಲ್ಲಿ ರಿಕ್ ವಾನ್ ಬಾರೆನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಬಡಿಸುವವರು ಗಿರಾಕಿ ಹೇಳಿದ ತಿನಿಸುಗಳನ್ನು ಅದೇ ಪದಗಳಲ್ಲಿ ತಿರುಗಿ ಹೇಳಿದಾಗ, ಹಾಗೆ ಹೇಳದಿದ್ದಾಗ ಸಿಕ್ಕಿದ್ದಕ್ಕಿಂತ ಹೆಚ್ಚು ಟಿಪ್ಸ್ ಸಿಕ್ಕಿತು. ತನ್ನ ಮಾತು ಸರಿಯಾಗಿ ತಲುಪಿದೆ ಎಂಬ ನೆಮ್ಮದಿಗೆ ಅಷ್ಟು ಬೆಲೆ ಇದೆ.

ಸೀರೆ ಅಂಗಡಿಯಲ್ಲಿ ಇದರ ಉಪಯೋಗ ಇನ್ನೂ ದೊಡ್ಡದು. ಒಬ್ಬ ತಾಯಿ ಬಂದು "ಮಗಳ ಸೀಮಂತಕ್ಕೆ ಹಸಿರು ಸೀರೆ ಬೇಕು, ಗಿಣಿಹಸಿರು ಬೇಡ, ತುಂಬ ಭಾರ ಇರಬಾರದು" ಎನ್ನುತ್ತಾರೆ ಎಂದುಕೊಳ್ಳಿ. ಅವಸರದ ಕೆಲಸದವನು "ಹಸಿರು" ಎಂಬ ಒಂದು ಮಾತನ್ನು ಹಿಡಿದುಕೊಂಡು ನಲವತ್ತು ಸೀರೆಗಳನ್ನು ಗುಡ್ಡೆ ಹಾಕುತ್ತಾನೆ. ಅದರಲ್ಲಿ ಗಿಣಿಹಸಿರಿನವೂ ಇರುತ್ತವೆ, ಒಂದು ಅಡಿ ಅಂಚಿನ ಭಾರದವೂ ಇರುತ್ತವೆ. ಅನುಭವಿಯಾದವರು "ಹಸಿರೇ ಆಗಬೇಕು, ಗಿಣಿಹಸಿರು ಬೇಡ, ಹಗುರ ಇರಬೇಕು. ಸರಿ ಅಮ್ಮ, ಬಸುರಿ ಹುಡುಗಿ, ಬಹಳ ಹೊತ್ತು ಕೂತಿರಬೇಕಲ್ಲ" ಎಂದು ಹೇಳಿ ನಾಲ್ಕೇ ಸೀರೆ ತೆಗೆಯುತ್ತಾರೆ. ಕೊನೆಯ ಆ ಅರ್ಧ ವಾಕ್ಯ ಗಿರಾಕಿ ಹೇಳಿದ್ದಲ್ಲ, ಆಕೆಯ ಮನಸ್ಸಿನಲ್ಲಿದ್ದದ್ದು. ಅದನ್ನು ಕೇಳಿದ ತಾಯಿ ಇನ್ನು ಮುಂದೆ ಇವರು ತೋರಿಸಿದ್ದನ್ನು ಮನಸ್ಸಿಟ್ಟು ನೋಡುತ್ತಾರೆ. ಹಾಗೆಂದು ಪ್ರತಿ ಮಾತನ್ನೂ ಗಿಳಿಪಾಠದಂತೆ ಒಪ್ಪಿಸಬಾರದು. ಬೇಡಿಕೆಯ ಮುಖ್ಯಾಂಶಗಳನ್ನು ಒಮ್ಮೆ ಹೇಳಿದರೆ ಸಾಕು.

ಹಂತ 3: ಮದುವೆ ಜವಳಿ, ಇಡೀ ಮನೆಯೊಂದಿಗಿನ ವ್ಯಾಪಾರ

ಸಣ್ಣ ಅಂಗಡಿಯ ವರ್ಷದ ಲಾಭ ಮದುವೆ ಜವಳಿಯ ಮೇಲೆ ನಿಂತಿರುತ್ತದೆ. ಆತ್ಮೀಯತೆಯ ನಿಜವಾದ ಪರೀಕ್ಷೆಯೂ ಅಲ್ಲೇ ನಡೆಯುತ್ತದೆ. ಜವಳಿ ತೆಗೆಯಲು ಎಂಟು ಹತ್ತು ಜನ ಒಟ್ಟಿಗೆ ಬರುತ್ತಾರೆ, ಒಬ್ಬೊಬ್ಬರ ಅಗತ್ಯವೂ ಬೇರೆ. ಮದುವಣಗಿತ್ತಿ ಫೋನಿನಲ್ಲಿ ಉಳಿಸಿಕೊಂಡ ಚಿತ್ರವೊಂದನ್ನು ಹಿಡಿದುಕೊಂಡಿರುತ್ತಾಳೆ. ತಾಯಿಯ ಕಣ್ಣು ಬೆಲೆಚೀಟಿಯ ಮೇಲಿರುತ್ತದೆ. ಅಜ್ಜಿಗೆ ಅಂಚು ಗಟ್ಟಿಯಾಗಿರಬೇಕು, ಧಾರೆ ಸೀರೆಯಲ್ಲಿ ಕಪ್ಪು ಎಲ್ಲಿಯೂ ಇಣುಕಬಾರದು. ಸೋದರತ್ತೆ ಏನೂ ಮಾತಾಡದೆ ಕುಳಿತಿರುತ್ತಾರೆ, ಕೊನೆಯಲ್ಲಿ ಅವರು "ನಂಗ್ಯಾಕೋ ಸರಿ ಕಾಣ್ತಿಲ್ಲ" ಎಂದರೆ ಅರ್ಧ ದಿನದ ಶ್ರಮ ನೀರಿನಲ್ಲಿ ಹೋಗುತ್ತದೆ. ಅಪ್ಪ ಬಾಗಿಲ ಬಳಿಯ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಲೆಕ್ಕ ಹಾಕುತ್ತಿರುತ್ತಾರೆ.

ಕೊಳ್ಳುವವರು ಯಾರು, ನಿರ್ಧರಿಸುವವರು ಯಾರು, ಬೇಡವೆನ್ನುವ ಅಧಿಕಾರ ಯಾರದು ಎಂಬುದನ್ನು ಮೊದಲ ಹತ್ತು ನಿಮಿಷದಲ್ಲಿ ತಿಳಿದುಕೊಳ್ಳಬೇಕು. ಸುಮ್ಮನೆ ಕುಳಿತವರನ್ನು ಮೊದಲೇ ಮಾತಿಗೆ ಎಳೆಯಿರಿ: "ನೀವು ನೋಡಿ ಹೇಳಿ ಅಮ್ಮ, ಈ ಎರಡರಲ್ಲಿ ಮದುವೆ ಮನೆಗೆ ಯಾವುದು ಒಪ್ಪುತ್ತೆ?" ಎಂದು ಕೇಳಿದರೆ ಅವರೂ ಆಯ್ಕೆಯ ಪಾಲುದಾರರಾಗುತ್ತಾರೆ. ಅಜ್ಜಿಗೆ ಬಾಯಲ್ಲಿ ವರ್ಣಿಸುವುದರಿಂದ ಪ್ರಯೋಜನವಿಲ್ಲ. ಸೀರೆಯ ಸೆರಗನ್ನು ಅವರ ಕೈಗೆ ಕೊಡಿ, ಅವರ ಬೆರಳಿಗೆ ರೇಷ್ಮೆ ಗೊತ್ತು. ಹುಡುಗಿಯ ಫೋನಿನ ಚಿತ್ರವನ್ನು ತಳ್ಳಿಹಾಕಬೇಡಿ. ಅದರಲ್ಲಿ ಆಕೆಗೆ ಹಿಡಿಸಿದ್ದು ಬಣ್ಣವೋ, ಅಂಚೋ, ಕುಪ್ಪಸದ ವಿರುದ್ಧ ಬಣ್ಣವೋ ಎಂದು ಕೇಳಿದರೆ, ಆ ಸೀರೆಯೇ ಇಲ್ಲದಿದ್ದರೂ ಆಕೆಗೆ ಬೇಕಾದದ್ದು ನಿಮ್ಮ ಕಪಾಟಿನಲ್ಲಿ ಸಿಗಬಹುದು.

ಮದುವೆ ಜವಳಿಯಲ್ಲಿ ಧಾರೆ ಸೀರೆ, ಆರತಕ್ಷತೆಯ ಸೀರೆಗಳಿಗಿಂತ ಮನಸ್ಸುಗಳನ್ನು ಹೆಚ್ಚು ಕೆಡಿಸುವುದು ಬೀಗರಿಗೆ, ನೆಂಟರಿಗೆ ಕೊಡುವ ಸೀರೆಗಳು. ಇಬ್ಬರು ನಾದಿನಿಯರಲ್ಲಿ ಒಬ್ಬರಿಗೆ ದೊಡ್ಡ ಅಂಚು, ಇನ್ನೊಬ್ಬರಿಗೆ ಚಿಕ್ಕ ಅಂಚು ಹೋದರೆ ವರ್ಷಗಟ್ಟಲೆ ಮಾತಾಗುತ್ತದೆ. ಇದನ್ನು ಬಲ್ಲ ಅಂಗಡಿಯವರು ಕೊಡುವ ಸೀರೆಗಳ ಪಟ್ಟಿಯನ್ನು ಮೊದಲೇ ಬರೆಸಿಕೊಂಡು, ಒಂದೇ ಸ್ಥಾನದವರಿಗೆ ಒಂದೇ ಬೆಲೆಯ, ಒಂದೇ ಅಳತೆಯ ಅಂಚಿನ, ಬಣ್ಣ ಮಾತ್ರ ಬೇರೆಯಾದ ಸೀರೆಗಳನ್ನು ಜೋಡಿಸಿ ಇಡುತ್ತಾರೆ. ಮದುವೆ ಮುಗಿದ ಮೇಲೆ ಒಂದೆರಡನ್ನು ಬಣ್ಣ ಬದಲಿಸಿಕೊಳ್ಳಲು ಅವಕಾಶವಿದೆ ಎಂದು ಆಗಲೇ ಹೇಳುತ್ತಾರೆ. ಮನೆಯೊಳಗಿನ ಇಂಥ ಚಿಂತೆಯನ್ನು ಕಡಿಮೆ ಮಾಡಿದ ಅಂಗಡಿಯನ್ನು ಆ ಮನೆಯವರು ಸುಲಭವಾಗಿ ಬಿಡುವುದಿಲ್ಲ.

ಇಲ್ಲಿ ಬೆಲೆಯನ್ನು ಹೇಳುವ ರೀತಿಯೂ ಬಹಳ ಮುಖ್ಯ. ಬೀಗರು ಎದುರಿಗೆ ಕುಳಿತಿರುವಾಗ "ಇದು ಎಂಟೂವರೆ ಸಾವಿರದ್ದು, ಅದು ಮೂರು ಸಾವಿರದ್ದು" ಎಂದು ಗಟ್ಟಿಯಾಗಿ ಕೂಗಿದರೆ ಹಣ ಕೊಡುವ ಅಪ್ಪನ ಮುಖ ಸಣ್ಣದಾಗುತ್ತದೆ. ಬೆಲೆಯನ್ನು ಚೀಟಿಯಲ್ಲಿ ಬರೆದು ತೋರಿಸಿ, ಒಟ್ಟು ಮೊತ್ತ ಎಷ್ಟಾಯಿತು ಎಂಬುದನ್ನು ನಡುನಡುವೆ ಅವರ ಬಳಿ ಹೋಗಿ ಮೆಲ್ಲಗೆ ತಿಳಿಸಿ. ಅವರು ಅಂದುಕೊಂಡ ಮಿತಿ ಹತ್ತಿರವಾಗುತ್ತಿದ್ದರೆ ನೀವಾಗಿಯೇ ಕೊಡುವ ಸೀರೆಗಳನ್ನು ಒಂದು ಮೆಟ್ಟಿಲು ಇಳಿಸಿ ತೋರಿಸಿ. ಆ ದಿನದ ಬಿಲ್ ಸ್ವಲ್ಪ ಕಡಿಮೆಯಾಗಬಹುದು, ಆದರೆ ಆ ಮನೆಯ ಎರಡನೆಯ ಮಗಳ ಮದುವೆ ಜವಳಿಗೆ ಅವರು ಬೇರೆಡೆ ಹೋಗುವ ಸಾಧ್ಯತೆ ಕಡಿಮೆ.

ಹಂತ 4: ಸರಕಿನ ಸತ್ಯವನ್ನು ನೀವೇ ಮುಂದಾಗಿ ಹೇಳಿ

ಆತ್ಮೀಯತೆ ಎಂದರೆ ನಗುಮುಖ ಮತ್ತು ಸಿಹಿಮಾತು ಎಂದು ತಿಳಿದು ಇಲ್ಲಿಗೇ ನಿಲ್ಲಿಸುವವರು ಬಹಳ. ನನ್ನ ದೃಷ್ಟಿಯಲ್ಲಿ ಈ ಹಂತವಿಲ್ಲದೆ ಉಳಿದ ಹಂತಗಳಿಗೆಲ್ಲ ಬೆಲೆಯಿಲ್ಲ. "ಅಕ್ಕ, ಅಮ್ಮ" ಎಂದು ಕರೆದು ಕೃತಕ ರೇಷ್ಮೆಯನ್ನು ಶುದ್ಧ ರೇಷ್ಮೆಯೆಂದು ಕೊಟ್ಟವರ ಮೇಲೆ ಗಿರಾಕಿಗೆ ಬರುವ ಸಿಟ್ಟು, ಮುಖ ಗಂಟಿಕ್ಕಿಕೊಂಡು ಮೋಸ ಮಾಡಿದವರ ಮೇಲೆ ಬರುವ ಸಿಟ್ಟಿಗಿಂತ ದೊಡ್ಡದು, ಏಕೆಂದರೆ ಅಲ್ಲಿ ಹಣದ ಜೊತೆ ವಿಶ್ವಾಸವೂ ಹೋಗಿರುತ್ತದೆ.

ಗುರುತುಗಳ ಅರ್ಥವನ್ನು ಗಿರಾಕಿಗೆ ಬಿಡಿಸಿ ಹೇಳುವುದರಿಂದ ಆರಂಭಿಸಿ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ, ಬಟ್ಟೆಯ ರೇಷ್ಮೆ ಶುದ್ಧ ನೈಸರ್ಗಿಕ ರೇಷ್ಮೆ ಎಂದು ಹೇಳುತ್ತದೆ. ಜರಿಯಲ್ಲಿ ಎಷ್ಟು ಬೆಳ್ಳಿ ಇದೆ ಎಂಬುದನ್ನು ಹೇಳುವುದಿಲ್ಲ. 2006ರಿಂದ ಬಳಕೆಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕ್, ಕೈಮಗ್ಗದಲ್ಲಿ ನೇಯ್ದದ್ದು ಎನ್ನುತ್ತದೆಯೇ ಹೊರತು ರೇಷ್ಮೆ ಎಂದಲ್ಲ. ಇವೆರಡನ್ನು ಬೆರೆಸಿ ಮಾತನಾಡುವ ಅಂಗಡಿಯವರು ಬಹಳ ಇರುವುದರಿಂದ, ಬಿಡಿಸಿ ಹೇಳುವವರು ಕೂಡಲೇ ಬೇರೆಯಾಗಿ ಕಾಣುತ್ತಾರೆ. ಮೈಸೂರು ರೇಷ್ಮೆಯ ವಿಷಯ ಬಂದಾಗ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಯನ್ನು ಇಂದು ನಡೆಸುತ್ತಿರುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಸೀರೆಗೂ ನಿಮ್ಮಲ್ಲಿರುವ ಕ್ರೇಪ್ ಸೀರೆಗೂ ವ್ಯತ್ಯಾಸವೇನು ಎಂಬುದನ್ನು ಮುಚ್ಚಿಡದೆ ಹೇಳಿ. ಇಳಕಲ್ ಸೀರೆಯಾದರೆ ಒಡಲು ಹತ್ತಿಯದೋ ರೇಷ್ಮೆಯದೋ, ಇಳಕಲ್‌ಗೇ ವಿಶಿಷ್ಟವಾದ ‘ಟೋಪ್ ತೆನಿ’ ವಿನ್ಯಾಸದ ಸೆರಗಿನ ಎಳೆ ಯಾವುದು, ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಿದ್ದು ಎಲ್ಲಿ ಕಾಣುತ್ತದೆ ಎಂಬುದನ್ನು ತಿರುಗಿಸಿ ತೋರಿಸಿ.

ಅನುಮಾನ ಇದ್ದವರಿಗೆ ಅಂಚಿನಿಂದ ಹೊರಬಂದ ಎಳೆಯೊಂದನ್ನು ಸುಟ್ಟು ತೋರಿಸಬಹುದು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸಿನ ಎಳೆ, ಹೊಕ್ಕಿನ ಎಳೆ ಎರಡನ್ನೂ ಪರೀಕ್ಷಿಸಿದರೆ ಮಾತ್ರ ಅದು ಪ್ರಾಮಾಣಿಕ ಪರೀಕ್ಷೆ. ಬಣ್ಣದ ವಿಷಯದಲ್ಲಿ ಸೀರೆಯನ್ನು ಬಾಗಿಲಿನವರೆಗೆ ಒಯ್ದು ಹಗಲು ಬೆಳಕಿನಲ್ಲಿ ತೋರಿಸಿ, ಅಂಗಡಿಯ ದೀಪದಡಿ ನೇರಳೆಯಾಗಿ ಕಂಡದ್ದು ಹೊರಗೆ ಕಂದಾಗಿ ಕಾಣುವುದುಂಟು.

ಇದರ ಜೊತೆಗೆ, ನಿಮಗೆ ನಷ್ಟವಾಗುವ ಸತ್ಯವೊಂದನ್ನು ಸಂದರ್ಭ ಬಂದಾಗ ಹೇಳಲು ಹಿಂಜರಿಯಬೇಡಿ. "ಇದು ಚೆನ್ನಾಗಿದೆ, ಆದರೆ ದಿನಬಳಕೆಗೆ ತಡೆಯೋದಿಲ್ಲ, ಶಾಲೆಗೆ ಉಟ್ಟು ಹೋಗೋರಿಗೆ ಆ ಹತ್ತಿಯದೇ ವಾಸಿ" ಎಂದು ಶಿಕ್ಷಕಿಯೊಬ್ಬರಿಗೆ ಹೇಳಿ ಕಡಿಮೆ ಬೆಲೆಯದನ್ನು ಕೊಟ್ಟರೆ, ಮುಂದೆ ನೀವು ಒಳ್ಳೆಯದೆಂದು ಹೇಳುವ ದುಬಾರಿ ಸೀರೆಯನ್ನೂ ಅವರು ನಂಬುತ್ತಾರೆ.

ಹಂತ 5: ಚೌಕಾಸಿ ಮತ್ತು ಕೊಸರು

ಚೌಕಾಸಿಯ ವಿಷಯದಲ್ಲಿ ಒಂದೇ ನಿಯಮ ಸಾಕು: ಪರಿಚಿತರಿಗೂ ಅಪರಿಚಿತರಿಗೂ ಆರಂಭದ ಬೆಲೆ ಒಂದೇ ಇರಲಿ. ಪಕ್ಕದ ಮನೆಯವರಿಗೆ ಅದೇ ಸೀರೆ 800 ರೂಪಾಯಿ ಕಡಿಮೆಗೆ ಸಿಕ್ಕಿತೆಂದು ತಿಳಿದ ದಿನ ನಿಮ್ಮ ಆತ್ಮೀಯತೆಗೆ ಅರ್ಥವಿರುವುದಿಲ್ಲ.

ಕೊಸರಿನ ವಿಷಯ ಮಾತ್ರ ಬೇರೆ. ಹೂವಿನವಳು ಮೊಳ ಹಾಕಿದ ಮೇಲೆ ಒಂದು ಗೇಣು ಹೆಚ್ಚು ಬಿಡುತ್ತಾಳಲ್ಲ, ಆ ಗೇಣು ಹೂವಿನ ಬೆಲೆಗಿಂತ ಹೆಚ್ಚಿನ ತೃಪ್ತಿ ಕೊಡುತ್ತದೆ. ಅಮೆರಿಕದಲ್ಲಿ ಡೇವಿಡ್ ಸ್ಟ್ರೋಮೆಟ್ಜ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಲ್ಲಿನ ಜೊತೆ ಏನನ್ನೂ ಕೊಡದಿದ್ದಾಗ ಬಡಿಸುವವರಿಗೆ ಸಿಕ್ಕ ಟಿಪ್ಸ್ ಬಿಲ್ಲಿನ ಸುಮಾರು ಶೇ 19ರಷ್ಟಿತ್ತು. ಒಂದು ಸಿಹಿಯನ್ನು ಕೊಟ್ಟು, ಹೊರಡುವಂತೆ ತಿರುಗಿ, ಮತ್ತೆ ಬಂದು ಇನ್ನೊಂದನ್ನು ಕೊಟ್ಟಾಗ ಅದು ಸುಮಾರು ಶೇ 23ಕ್ಕೆ ಏರಿತು. ಎರಡನ್ನೂ ಒಮ್ಮೆಲೇ ಕೊಟ್ಟಾಗ ಏರಿಕೆ ಅದಕ್ಕಿಂತ ಕಡಿಮೆಯಿತ್ತು. ಮನಸ್ಸಿನಿಂದ ಬಂದದ್ದು ಎನ್ನಿಸಿದ ಕೊಡುಗೆಗೆ ಹೆಚ್ಚು ಬಲ. ಆದ್ದರಿಂದ ಎಲ್ಲರಿಗೂ ಒಂದೇ ಪ್ಲಾಸ್ಟಿಕ್ ಡಬ್ಬಿ ಕೊಡುವುದಕ್ಕಿಂತ, ಬಿಲ್ ಆದ ಮೇಲೆ ಫಾಲ್ ಮತ್ತು ಜಿಗ್‌ಜಾಗ್ ಮಾಡಿಸಿಕೊಡುವುದು ಅಥವಾ ಅಜ್ಜಿಗೆಂದು ಒಂದು ಕುಪ್ಪಸದ ಖಣ ಇಡುವುದು ಉತ್ತಮ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಮೊದಲು ಕಾಫಿ ಕುಡಿಸಿ, ನೂರು ಸೀರೆ ಬಿಡಿಸಿ ಹಾಕಿ, ಆಮೇಲೆ "ಇಷ್ಟು ತೋರಿಸಿದೀವಿ, ಬರಿಗೈಲಿ ಹೋಗ್ತೀರಾ?" ಎನ್ನುವುದು ಋಣಭಾರ ಹೊರಿಸಿ ಮಾಡುವ ವ್ಯಾಪಾರ. ಮನೆಯಿಂದ ಸೀರೆ ಮಾರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಗೆಳತಿಯರನ್ನು ಮನೆಗೆ ಕರೆದು ಮಾರುವ ಕೂಟಗಳ ಬಗ್ಗೆ ಅಮೆರಿಕದಲ್ಲಿ ಫ್ರೆಂಜನ್ ಮತ್ತು ಡೇವಿಸ್ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಳ್ಳುವ ನಿರ್ಧಾರದ ಮೇಲೆ ಸರಕಿನ ಆಕರ್ಷಣೆಗಿಂತ ಮನೆಯೊಡತಿಯೊಂದಿಗಿನ ಸ್ನೇಹದ ಪ್ರಭಾವವೇ ದೊಡ್ಡದಾಗಿ ಕಂಡಿತು. ಅಂದರೆ ಗೆಳತಿಯರು ಬೇಡದಿದ್ದರೂ ಸಂಕೋಚಕ್ಕೆ ಕೊಂಡುಬಿಡಬಹುದು. ಹಾಗೆ ಕೊಂಡವರು ಮುಂದಿನ ಸಲ ನಿಮ್ಮ ಕರೆಯನ್ನು ಸ್ವೀಕರಿಸದೆ ಇರಬಹುದು. "ನೋಡಿ ಹೋಗಲು ಬನ್ನಿ, ಕೊಳ್ಳಬೇಕೆಂದೇನೂ ಇಲ್ಲ" ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ.

ಹಂತ 6: ನೆನಪಿನ ಪುಸ್ತಕ

ಹಿಂದಿನ ತಲೆಮಾರಿನ ಜವಳಿ ವ್ಯಾಪಾರಿಗಳು ಗಿರಾಕಿಯ ಮನೆಯವರನ್ನೆಲ್ಲ ನೆನಪಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಇಂದು ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಕೊಂಡ ಸೀರೆ, ಬಣ್ಣ, ಯಾವ ಕಾರ್ಯಕ್ಕೆ, ಬೇಡವೆಂದದ್ದು ಏನು ಎಂಬುದನ್ನು ಬರೆದಿಟ್ಟರೆ ಸಾಕು. ಕೊನೆಯ ಅಂಕಣವನ್ನು ಬಿಡಬೇಡಿ. "ದೊಡ್ಡ ಅಂಚು ಇಷ್ಟವಿಲ್ಲ" ಎಂಬ ಟಿಪ್ಪಣಿ ಇದ್ದರೆ, ಎರಡು ವರ್ಷದ ನಂತರ ಬಂದವರಿಗೂ ದೊಡ್ಡ ಅಂಚಿನ ಸೀರೆ ತೋರಿಸುವ ತಪ್ಪು ಆಗುವುದಿಲ್ಲ.

ವಾಟ್ಸ್ಆ್ಯಪ್ ಬಳಸುವಾಗ ದಿನಕ್ಕೆ ಮೂವತ್ತು ಚಿತ್ರಗಳನ್ನು ಎಲ್ಲರಿಗೂ ಸುರಿಯುವುದು ಆತ್ಮೀಯತೆಯನ್ನು ಕೊಲ್ಲುವ ಹತ್ತಿರದ ದಾರಿ. ವರಮಹಾಲಕ್ಷ್ಮಿ ಹಬ್ಬಕ್ಕೂ ಗೌರಿ ಹಬ್ಬಕ್ಕೂ ಎರಡು ವಾರ ಮುಂಚೆ, ತವರಿನಿಂದ ಮಗಳಿಗೆ ಸೀರೆ ಕಳಿಸುವ ಮನೆಗಳಿಗೆ ಮಾತ್ರ, ಅವರ ಅಭಿರುಚಿಗೆ ಒಪ್ಪುವ ಎರಡು ಮೂರು ಚಿತ್ರ ಕಳಿಸಿ. ಸಂದೇಶ ಕಳಿಸಬಹುದೇ ಎಂದು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಗಿರಾಕಿ ವಿಶ್ವಾಸವಿಟ್ಟು ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಕೊಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಮದುವೆ ಮನೆಯವರ ನಂಬರನ್ನು ಛತ್ರದವರಿಗೋ ಫೋಟೋದವರಿಗೋ ದಾಟಿಸುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ.

ಹಂತ 7: ದೂರು ಬಂದ ದಿನ

ಒಗೆದಾಗ ಬಣ್ಣ ಬಿಟ್ಟ ಸೀರೆಯನ್ನು ಹಿಡಿದು ಬಂದ ಗಿರಾಕಿ ಮನೆಯಿಂದ ಹೊರಡುವಾಗಲೇ ಜಗಳಕ್ಕೆ ಸಿದ್ಧರಾಗಿರುತ್ತಾರೆ. ಕೊಳ್ಳುವಾಗ ತೋರಿಸಿದ ಮುಖವನ್ನೇ ಈಗಲೂ ತೋರಿಸುತ್ತೀರಾ ಎಂಬುದನ್ನು ಅವರು ನೋಡುತ್ತಾರೆ. ಮೊದಲು ಕೂರಿಸಿ, ಸೀರೆ ಬಿಡಿಸಿ ನೋಡಿ, "ಹೇಗೆ ಒಗೆದಿರಿ?" ಎಂಬ ಪ್ರಶ್ನೆಯನ್ನು ಎರಡನೆಯದಾಗಿ ಕೇಳಿ, ಮೊದಲೇ ಕೇಳಿದರೆ ತಪ್ಪು ಅವರದೇ ಎಂದಂತೆ ಕೇಳಿಸುತ್ತದೆ. ದೋಷ ಸೀರೆಯದಾಗಿದ್ದರೆ ಬದಲಿಸಿಕೊಡಿ ಅಥವಾ ಹಣ ಹಿಂದಿರುಗಿಸಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅದೇ 2019ರ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ತಪ್ಪು ಒಗೆದವರದಾಗಿದ್ದರೂ ಡ್ರೈಕ್ಲೀನ್ ಮಾಡುವವರಲ್ಲಿಗೋ ಬಣ್ಣ ಹಾಕುವವರಲ್ಲಿಗೋ ಕಳಿಸಿ, ಆದಷ್ಟು ಸರಿಪಡಿಸಿ ಕೊಡಲು ಪ್ರಯತ್ನಿಸಿ. ಮುಂದಿನ ಸಲದಿಂದ ಮಾರುವಾಗಲೇ ಒಗೆಯುವ ಕ್ರಮವನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಿ.

ಹಂತ 8: ಕೆಲಸದವರು

ಮಾಲೀಕರು ಎಷ್ಟೇ ಆತ್ಮೀಯರಾಗಿದ್ದರೂ, ಸೀರೆ ತೋರಿಸುವ ಹುಡುಗಿಗೆ ಮಾರಾಟವಾಗದೆ ಉಳಿದ ಹಳೆಯ ಸರಕಿನ ಮೇಲೆ ಮಾತ್ರ ಹೆಚ್ಚಿನ ಕಮಿಷನ್ ಇದ್ದರೆ, ಆಕೆ ಗಿರಾಕಿಗೆ ಒಪ್ಪದ ಸೀರೆಯನ್ನೂ "ನಿಮಗೆ ತುಂಬ ಒಪ್ಪುತ್ತೆ" ಎಂದೇ ಹೇಳಬೇಕಾಗುತ್ತದೆ. ಹಳೆಯ ಸರಕನ್ನು ಆಷಾಢದ ರಿಯಾಯಿತಿಯಲ್ಲಿ ಬಹಿರಂಗವಾಗಿ ಮಾರಿ. ಕಮಿಷನ್ನಿನ ಒಂದು ಪಾಲನ್ನು ಮರಳಿ ಬಂದ ಗಿರಾಕಿಗಳ ಖರೀದಿಗೆ ಜೋಡಿಸಿ. ಇಡೀ ದಿನ ನಿಂತು ಕೆಲಸ ಮಾಡುವವರಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂರುವ ಅವಕಾಶ, ಸಮಯಕ್ಕೆ ಊಟ, ಗಿರಾಕಿಯ ಎದುರಿಗೆ ಬೈಸಿಕೊಳ್ಳದ ಮರ್ಯಾದೆ ಸಿಗಬೇಕು. ಮಾಲೀಕರಿಂದ ಗದರಿಸಿಕೊಂಡ ಮರುಗಳಿಗೆಯಲ್ಲಿ ಗಿರಾಕಿಯತ್ತ ನಗು ಎಂದರೆ ಅದು ಮುಖದ ಮೇಲಷ್ಟೇ ಇರುತ್ತದೆ, ಗಿರಾಕಿಗೂ ಅದು ತಿಳಿಯುತ್ತದೆ.

ಹಂತ 9: ಲೆಕ್ಕ ನೋಡುವ ರೀತಿ

ಇದೆಲ್ಲದರ ಫಲ ದಿನದ ಕ್ಯಾಷ್ ಪೆಟ್ಟಿಗೆಯಲ್ಲಿ ಕಾಣಿಸುವುದಿಲ್ಲ. ಬಿಲ್ ಪುಸ್ತಕದಲ್ಲಿ ಎರಡು ಅಂಕಣಗಳನ್ನು ಸೇರಿಸಿಕೊಳ್ಳಿ: ಗಿರಾಕಿ ಹಳಬರೋ ಹೊಸಬರೋ, ಹೊಸಬರಾದರೆ ಯಾರು ಹೇಳಿ ಬಂದರು. ಯುಗಾದಿಯಿಂದ ಯುಗಾದಿಗೆ ಈ ಎರಡನ್ನೂ ಹೋಲಿಸಿ ನೋಡಿ. ಒಂದೇ ಹೆಸರು ಹಲವು ಹೊಸ ಗಿರಾಕಿಗಳ ಬಾಯಲ್ಲಿ ಬರುತ್ತಿದ್ದರೆ, ಆ ಮನೆಗೆ ಮುಂದಿನ ಗೌರಿ ಹಬ್ಬಕ್ಕೆ ನೀವೇ ಹೋಗಿ ಬಾಗಿನಕ್ಕೊಂದು ಖಣ ಕೊಟ್ಟು ಬನ್ನಿ, ಹೋಗುವಾಗ ಹೊಸ ಸೀರೆಯ ಚಿತ್ರಗಳನ್ನು ತೋರಿಸಬೇಡಿ.